ಡ್ರೈವರ್ ಬರೆಯುವಾಗ ಯಾವ ಅಡ್ರೆಸ್ ಯಾರಿಗೆ: ಪೈ ಜೀರೋದ ಒಂದು ಪಿನ್ ಇಟ್ಟುಕೊಂಡು

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರು ಬೋರ್‌ವೆಲ್ ಮೋಟರ್ ರಿಲೇಗೆ ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕರ್ನಲ್ ಕೋಡ್) ಬರೆಯಲು ಕೂತರೆ ಮೊದಲು ಎಡವುವುದು ಸಿ ಭಾಷೆಯಲ್ಲಲ್ಲ, ಅಡ್ರೆಸ್‌ನಲ್ಲಿ. ಇಲ್ಲಿರುವ ಅಂಕಿಗಳು ಬಿಸಿಎಂ2835 ಚಿಪ್ಪಿನ ರಾಸ್ಪ್‌ಬೆರಿ ಪೈ ಜೀರೋದವು. ಪೈ 3, 4ಕ್ಕೆ ಹೊಂದುವುದಿಲ್ಲ. ಅಡ್ರೆಸ್‌ಗಳೂ ಅವಕ್ಕೆ ಕೂಡಿಸುವ ಅಂಕಿಗಳೂ ಹೆಕ್ಸ್ (16ರ ಲೆಕ್ಕ; ಬಿ, ಸಿ, ಇ ಕೂಡ ಅಂಕಿಗಳೇ). ಪ್ರಯೋಗಕ್ಕೆ ರಿಲೇ ಬೇಡ, 11ನೇ ಪಿನ್ನಿಗೆ 330 ಓಮ್ ರೆಸಿಸ್ಟರ್ ಜತೆ ಒಂದು ಎಲ್‌ಇಡಿ ಸಾಕು. ಆ ಪಿನ್ನೇ ಜಿಪಿಐಓ (ಕೋಡಿನಿಂದ ಆನ್-ಆಫ್ ಮಾಡಬಹುದಾದ ಪಿನ್) 17.

ಯಾವ ಡಿವೈಸ್ ಯಾವ ಅಡ್ರೆಸ್‌ನಲ್ಲಿದೆ ಎಂದು ನೋಡಲು ಮೊದಲು ‘ಸುಡೋ ಕ್ಯಾಟ್ /ಪ್ರಾಕ್/ಐಓಮೆಮ್’ ಹೊಡೆಯಿರಿ. ಸುಡೋ ಬಿಟ್ಟರೆ ಬರೀ ಸೊನ್ನೆ ಕಾಣುತ್ತವೆ. ಬೇಕಾದ ಸಾಲು ಇದು:

20200000-202000ಬಿ3 : ಜಿಪಿಐಓ@7ಇ200000

ಬಲಗಡೆಯದು ಬಸ್ ಅಡ್ರೆಸ್, ಅಂದರೆ ಚಿಪ್ಪಿನೊಳಗಿನ ಡಿವೈಸ್‌ಗಳ ಲೆಕ್ಕದ್ದು. ಚಿಪ್ಪಿನ ಮ್ಯಾನುಯಲ್ಲಿನಲ್ಲೂ ಡಿವೈಸ್ ಟ್ರೀಯಲ್ಲೂ (ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫೈಲ್) ಇರುವುದು ಇದೇ. ಎಡಗಡೆಯದು ಫಿಸಿಕಲ್, ಅಂದರೆ ಸಿಪಿಯು ಕಡೆಯ ನಿಜ ಅಡ್ರೆಸ್. ಎಂಎಂಯು (ಅಡ್ರೆಸ್ ಬದಲಿಸುವ ಹಾರ್ಡ್‌ವೇರ್) ಚಾಲೂ ಇರುವಾಗ ಇವೆರಡನ್ನೂ ನಿಮ್ಮ ಕೋಡ್ ನೇರವಾಗಿ ಮುಟ್ಟುವಂತಿಲ್ಲ, ಅದಕ್ಕೆ ಸಿಗುವುದು ವರ್ಚುವಲ್ ಮಾತ್ರ. ಬಡಾವಣೆ ಹೇಳದೆ ‘3ನೇ ಕ್ರಾಸ್’ ಅಂದರೆ ಆಟೋದವರು ‘ವಿದ್ಯಾನಗರದ್ದೋ, ಎಂಸಿಸಿ ಬಿ ಬ್ಲಾಕಿನದ್ದೋ?’ ಅಂತ ಕೇಳುತ್ತಾರಲ್ಲ, ವರ್ಚುವಲ್ ಅಡ್ರೆಸ್ಸೂ ಹಾಗೇ: ಯಾವ ಪೇಜ್ ಟೇಬಲ್ (ವರ್ಚುವಲ್ಲನ್ನು ಫಿಸಿಕಲ್‌ಗೆ ಹೊಂದಿಸುವ ಪಟ್ಟಿ) ಅಂತ ತಿಳಿಯದೆ ಅದಕ್ಕೆ ಅರ್ಥವಿಲ್ಲ.

20200000 ಅನ್ನು ಪಾಯಿಂಟರ್ ಮಾಡಿ ನೇರ ಬರೆದರೆ ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ‘ಅನೇಬಲ್ ಟು ಹ್ಯಾಂಡಲ್ ಕರ್ನಲ್ ಪೇಜಿಂಗ್ ರಿಕ್ವೆಸ್ಟ್’ ಬಂದು, ಪಕ್ಕದಲ್ಲೇ ಆ ಅಂಕಿ ಕೂತಿರುತ್ತದೆ. ಆದ್ದರಿಂದ ಐಓರೀಮ್ಯಾಪ್‌ಗೆ (ಫಿಸಿಕಲ್ ಅಡ್ರೆಸ್‌ಗೆ ವರ್ಚುವಲ್ ಕೊಡುವ ಕರ್ನಲ್ ಫಂಕ್ಷನ್) 20200000 ಮತ್ತು ಉದ್ದ ಬಿ4 ಕೊಟ್ಟು, ಬಂದ ಬೇಸ್ ಪಾಯಿಂಟರ್ ನಲ್ (ಸೊನ್ನೆ) ಅಲ್ಲವೆಂದು ನೋಡಿಕೊಳ್ಳಿ. ನೋಡದಿದ್ದರೆ ಕ್ರ್ಯಾಶ್ ಅಡ್ರೆಸ್ 0000001ಸಿ ಥರ ತೀರಾ ಚಿಕ್ಕದಾಗಿ ಬರುತ್ತದೆ. 7ಇ200000 ಕೊಟ್ಟರೂ ಐಓರೀಮ್ಯಾಪ್ ಚಕಾರ ಎತ್ತದೆ ಪಾಯಿಂಟರ್ ಕೊಟ್ಟುಬಿಡಬಹುದು. ಅಲ್ಲಿ ಡಿವೈಸ್ ಇದೆಯೋ ಇಲ್ಲವೋ ಅದು ನೋಡುವುದಿಲ್ಲ.

ಆಮೇಲೆ ಈ ಪಿನ್ನಿನ ದಿಕ್ಕು ಹೇಳುವ ಬೇಸ್+04ನ್ನು ರೀಡ್‌ಎಲ್‌ನಿಂದ ಓದಿ, 21ರಿಂದ 23ನೇ ಬಿಟ್ ಅಳಿಸಿ, 21ನ್ನು ಮಾತ್ರ 1ಕ್ಕೆ ಏರಿಸಿ ರೈಟ್‌ಎಲ್ ಮಾಡಿ. ಪಿನ್ ಔಟ್‌ಪುಟ್ ಆಯಿತು. 17ನೇ ಬಿಟ್ಟನ್ನು ಬೇಸ್+1ಸಿಗೆ ಬರೆದರೆ ಎಲ್‌ಇಡಿ ಹತ್ತುತ್ತದೆ, ಬೇಸ್+28ಕ್ಕೆ ಬರೆದರೆ ಆರುತ್ತದೆ. ಹತ್ತದಿದ್ದರೆ ಬೇಸ್‌ನ ಟೈಪ್ ನೋಡಿ. ಅದು ಯು32 ಪಾಯಿಂಟರ್ ಆಗಿದ್ದರೆ 1ಸಿ ಕೂಡಿಸಿದಾಗ ನಾಲ್ಕರಷ್ಟು, ಅಂದರೆ ಹೆಕ್ಸ್ 70 ಮುಂದೆ ಹೋಗುತ್ತದೆ. ವಾಯ್ಡ್ ಐಓಮೆಮ್ ಪಾಯಿಂಟರೇ ಇರಲಿ.

ಪಿನ್ನುಗಳನ್ನು ನೋಡಿಕೊಳ್ಳುವ ಕರ್ನಲ್ಲಿನ ಪಿನ್‌ಕಂಟ್ರೋಲ್ ಡ್ರೈವರ್ ಈ ಜಾಗವನ್ನು ಮೊದಲೇ ಹಿಡಿದಿರುವುದರಿಂದ ಜಾಗ ಕಾಯ್ದಿರಿಸಿಯೇ ಮ್ಯಾಪ್ ಮಾಡುವ ‘ಡೆವ್‌ಎಂ ಪ್ಲಾಟ್‌ಫಾರ್ಮ್ ಐಓರೀಮ್ಯಾಪ್ ರಿಸೋರ್ಸ್’ ಇಲ್ಲಿ -16 (ಜಾಗ ಬಳಕೆಯಲ್ಲಿದೆ ಎಂಬ ಎರರ್) ವಾಪಸ್ ಕೊಡುತ್ತದೆ. ನಿಮ್ಮದೇ ಡಿವೈಸ್ ಆದರೆ ಅದನ್ನೇ ಬಳಸಿ. ಬಸ್ ಅಡ್ರೆಸ್ಸನ್ನು ಫಿಸಿಕಲ್‌ಗೆ ಬದಲಿಸುವ ಕೆಲಸ ಡಿವೈಸ್ ಟ್ರೀಯ ‘ರೇಂಜಸ್’ ನೋಡಿ ಕರ್ನಲ್ಲೇ ಮಾಡುತ್ತದೆ. ಮೇಲಿನ ಬರೀ ಐಓರೀಮ್ಯಾಪ್ ಕಲಿಕೆಗಷ್ಟೇ. ನಿಜವಾದ ರಿಲೇಗೆ ಕರ್ನಲ್ಲಿನ ಜಿಪಿಐಓಡಿ ಫಂಕ್ಷನ್‌ಗಳೇ ಸರಿ.

ಡಿಎಂಎ (ಸಿಪಿಯು ಬದಲು ಬೇರೆ ಕಂಟ್ರೋಲರ್ ಮೆಮೊರಿಯ ಡೇಟಾ ಸಾಗಿಸುವುದು) ಬಂದಾಗ, ವರ್ಚುವಲ್‌ನಿಂದ ಫಿಸಿಕಲ್ ಹೇಳುವ ‘ವರ್ಟ್ ಟು ಫಿಸ್’ ಫಂಕ್ಷನ್ನಿನ ಆಸೆ ಬಿಡಿ. ವಿಮ್ಯಾಲಕ್ (ಕೆಮ್ಯಾಲಕ್‌ನಂತೆ ಇದೂ ಮೆಮೊರಿ ಕೊಡುವ ಫಂಕ್ಷನ್), ಐಓರೀಮ್ಯಾಪ್, ಯೂಸರ್ ಪಾಯಿಂಟರ್‌ಗಳಿಗೆ ಅದು ತಪ್ಪು ಅಂಕಿ ಕೊಡುತ್ತದೆ. ಕೆಮ್ಯಾಲಕ್ ಮೆಮೊರಿಗೆ ಸರಿಯಾದ ಫಿಸಿಕಲ್ ಬಂದರೂ ಡಿಎಂಎ ಕಂಟ್ರೋಲರ್‌ಗೆ ಬೇಕಾದದ್ದು ಬಸ್ ಅಡ್ರೆಸ್; ಈ ಚಿಪ್ಪಿನಲ್ಲಿ ರ‍್ಯಾಮ್ ಅದಕ್ಕೆ ಕಾಣುವುದು ಸೊನ್ನೆಯಿಂದಲ್ಲ, ಮುಖ್ಯ ಕರ್ನಲ್ಲಿನ ಡಿವೈಸ್ ಟ್ರೀ ಪ್ರಕಾರ 40000000ದಿಂದ. ‘ಡಿಎಂಎ ಅಲಕ್ ಕೊಹೆರೆಂಟ್’ ಎರಡು ಅಡ್ರೆಸ್ ಕೊಡುತ್ತದೆ: ವಾಪಸ್ ಬರುವ ಪಾಯಿಂಟರ್ ನಿಮ್ಮ ಕೋಡಿಗೆ, ಹ್ಯಾಂಡಲ್‌ನಲ್ಲಿ ಬರುವುದು ಕಂಟ್ರೋಲರ್ ರಿಜಿಸ್ಟರಿಗೆ. ಅದಲುಬದಲಾದರೆ ಡಿಎಂಎ ಬೇರೆಯವರ ಮೆಮೊರಿ ಮೇಲೆ ಬರೆದು, ಸಂಬಂಧವೇ ಇಲ್ಲದ ಪ್ರೋಗ್ರಾಂ ಎಷ್ಟೋ ಹೊತ್ತಿನ ಮೇಲೆ ಸಾಯುತ್ತದೆ. ಹಾಗಾಗಿ ಇನ್ಸ್‌ಮಾಡ್‌ಗೆ (ಡ್ರೈವರ್ ಲೋಡ್ ಮಾಡುವ ಕಮಾಂಡ್) ಮುಂಚೆ, ಬಾಕಿ ಇರುವುದನ್ನು ಕಾರ್ಡಿಗೆ ಬರೆಸುವ ‘ಸಿಂಕ್’ ಹೊಡೆಯಿರಿ, ಇಲ್ಲದಿದ್ದರೆ ಎಸ್‌ಡಿ ಕಾರ್ಡಿನ ಫೈಲುಗಳಿಗೂ ಕುತ್ತು.