ಮಾಡೆಲ್ಸ್.ಪೈ ಫೈಲನ್ನು ಫೋಲ್ಡರ್ ಆಗಿ ಒಡೆಯುವ ಬಗ್ಗೆ

ಪೈಥಾನ್‌ನ ವೆಬ್ ಚೌಕಟ್ಟಾದ ಜ್ಯಾಂಗೊದಲ್ಲಿ ಬರೆದ ಆ್ಯಪ್‌ನ ಮಾಡೆಲ್‌ಗಳನ್ನು (ಡೇಟಾಬೇಸ್ ಟೇಬಲ್‌ಗಳ ರಚನೆ ಹೇಳುವ ಕ್ಲಾಸ್‌ಗಳನ್ನು) ಇಟ್ಟಿರುವ ಮಾಡೆಲ್ಸ್.ಪೈ ಫೈಲ್ ತೀರಾ ಉದ್ದವಾಗಿದ್ದರೆ ಅದನ್ನು ತೆಗೆದು, ಅದೇ ಜಾಗದಲ್ಲಿ ಮಾಡೆಲ್ಸ್ ಎಂಬ ಫೋಲ್ಡರ್ ಮಾಡಿ, ವಿಷಯಕ್ಕೊಂದು ಫೈಲಿನಂತೆ ಮಾಡೆಲ್‌ಗಳನ್ನು ಹಂಚಿ, ಅವೆಲ್ಲವನ್ನೂ ಆ ಫೋಲ್ಡರ್‌ನ ಇನಿಟ್ ಫೈಲ್‌ನಲ್ಲಿ (__init__.py) ಇಂಪೋರ್ಟ್ ಮಾಡಿರಿ. ನಮ್ಮ ದಾವಣಗೆರೆಯ ಎಪಿಎಂಸಿ ವರ್ತಕರಿಗೆ ಮೆಕ್ಕೆಜೋಳದ ಲೆಕ್ಕದ ತಂತ್ರಾಂಶ ಬರೆಯುವವರು ರೈತರ ವಿವರವನ್ನು ಒಂದು ಫೈಲಿನಲ್ಲೂ, ಆವಕ ಮತ್ತು ತೂಕದ ಚೀಟಿಯನ್ನು ಇನ್ನೊಂದರಲ್ಲೂ, ಹಮಾಲಿ ಹಾಗೂ ಪಾವತಿಯನ್ನು ಮತ್ತೊಂದರಲ್ಲೂ ಇಡಬಹುದು. ಜ್ಯಾಂಗೊ ಹುಡುಕುವುದು ಮಾಡೆಲ್ಸ್ ಎಂಬ ಮಾಡ್ಯೂಲನ್ನೇ ಹೊರತು ಅದು ಫೈಲೋ ಫೋಲ್ಡರೋ ಎಂಬುದನ್ನಲ್ಲ. ಆ್ಯಪ್‌ನ ಹೆಸರು ಬದಲಾಗದ ಕಾರಣ ಟೇಬಲ್‌ಗಳ ಹೆಸರೂ ಹಾಗೆಯೇ ಉಳಿಯುತ್ತದೆ, ಬೇರೆಡೆಯ ಹಳೆಯ ಇಂಪೋರ್ಟ್ ಸಾಲುಗಳನ್ನೂ ತಿದ್ದಬೇಕಾಗಿಲ್ಲ. ತೂಕದ ಚೀಟಿಯಿಂದ ರೈತನಿಗೆ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ) ಕೊಡುವಾಗ ಕ್ಲಾಸನ್ನು ಇಂಪೋರ್ಟ್ ಮಾಡುವ ಬದಲು ಅದರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ, ಎರಡು ಫೈಲ್‌ಗಳು ಒಂದನ್ನೊಂದು ಕರೆದುಕೊಂಡು ಸಿಕ್ಕಿಹಾಕಿಕೊಳ್ಳುವ ತೊಂದರೆ ಇರುವುದಿಲ್ಲ. ಇನಿಟ್ ಫೈಲ್‌ನಲ್ಲಿ ಒಂದು ಮಾಡೆಲ್ ಬಿಟ್ಟುಹೋಗಿ, ಬೇರೆಲ್ಲೂ ಅದು ಇಂಪೋರ್ಟ್ ಆಗದಿದ್ದರೆ, ಜ್ಯಾಂಗೊದ ಮೇಕ್‌ಮೈಗ್ರೇಷನ್ಸ್ ಆದೇಶವು ಅದನ್ನು ಅಳಿಸಲಾಗಿದೆ ಎಂದೇ ಭಾವಿಸಿ ಟೇಬಲ್ ತೆಗೆದುಹಾಕುವ ಮೈಗ್ರೇಷನ್ (ಡೇಟಾಬೇಸ್ ಬದಲಿಸುವ ಸೂಚನೆಗಳ ಫೈಲ್) ಬರೆದಿಡುತ್ತದೆ. ಆದ್ದರಿಂದ ಒಡೆದ ಕೂಡಲೇ ಆ ಆದೇಶವನ್ನು ಡ್ರೈ-ರನ್ ಆಯ್ಕೆಯೊಂದಿಗೆ (ಫೈಲ್ ಬರೆಯದೆ ಏನಾಗುವುದೆಂದು ತೋರಿಸುವಷ್ಟೇ) ನಡೆಸಿ, ಯಾವ ಬದಲಾವಣೆಯೂ ಇಲ್ಲವೆಂಬ ಉತ್ತರ ಬಂದ ಮೇಲೆಯೇ ಮುಂದುವರಿಯುವುದು ಒಳಿತು. ಮಾಡೆಲನ್ನು ಬೇರೊಂದು ಆ್ಯಪ್‌ಗೇ ಸಾಗಿಸುವುದಾದರೆ ಈ ಉಪಾಯ ಸಾಲದು, ಏಕೆಂದರೆ ಆಗ ಟೇಬಲ್‌ನ ಹೆಸರೂ ಮೈಗ್ರೇಷನ್‌ಗಳೂ ಬದಲಾಗುತ್ತವೆ. ನಾಲ್ಕೈದು ಮಾಡೆಲ್‌ಗಳಷ್ಟೇ ಇರುವ ಆ್ಯಪ್‌ಗೆ ಇದೆಲ್ಲ ಅನಗತ್ಯ.