ಮಿನಿಯೇಚರ್‌ಗಳನ್ನು ಅಯಸ್ಕಾಂತದ ನೆರವಿನಿಂದ ಜೋಪಾನವಾಗಿ ಒಯ್ಯುವ ವಿಧಾನ

ವಾರ್‌ಗೇಮ್ ಮಿನಿಯೇಚರ್‌ಗಳನ್ನು, ಅಂದರೆ ಯುದ್ಧದ ಮೇಜಿನಾಟಗಳಲ್ಲಿ ಬಳಸುವ ಬಣ್ಣ ಬಳಿದ ಪುಟ್ಟ ಗೊಂಬೆಗಳನ್ನು, ಫೋಮಿನ ಗೂಡುಗಳಲ್ಲಿ ತುರುಕಿ ಒಯ್ದರೆ ಈಟಿ, ಕತ್ತಿ, ಬಾವುಟಗಳ ತುದಿಗಳು ಅದಕ್ಕೆ ಸಿಕ್ಕಿ ಬಾಗುತ್ತವೆ. ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಅಂಚುಗಳ ಬಣ್ಣವೂ ಸವೆಯುತ್ತದೆ. ಬೇಸಿನ (ಗೊಂಬೆ ನಿಂತಿರುವ ಪುಟ್ಟ ಪೀಠದ) ಅಡಿಗೆ ಅಯಸ್ಕಾಂತವನ್ನು ಅಂಟಿಸಿ, ಉಕ್ಕಿನ ತಗಡು ಹಾಸಿದ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ, ಬಣ್ಣ ಬಳಿದ ಯಾವ ಭಾಗಕ್ಕೂ ಏನೂ ತಾಗುವುದಿಲ್ಲ.

ಇದಕ್ಕೆ ನಿಯೋಡಿಮಿಯಮ್ ಎಂಬ ಲೋಹ ಬೆರೆಸಿದ ಬಲವಾದ ಅಯಸ್ಕಾಂತದ ಬಿಲ್ಲೆಗಳು ಬೇಕು. 25 ಅಥವಾ 32 ಮಿ.ಮೀ. ಬೇಸಿನ ಪ್ಲಾಸ್ಟಿಕ್ ಮಿನಿಯೇಚರ್‌ಗೆ 5 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಒಂದೇ ಬಿಲ್ಲೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಿಡಿತ ಸಾಲದೆ ಹೋದಾಗ ಹಲವರು ಇನ್ನೂ ಬಲವಾದ ಅಯಸ್ಕಾಂತವನ್ನು ಹುಡುಕಲು ಹೊರಡುತ್ತಾರೆ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಬಿಲ್ಲೆಗೂ ತಗಡಿಗೂ ನಡುವಿನ ಅಂತರವನ್ನು, ಏಕೆಂದರೆ ಅಂತರ ಹೆಚ್ಚಿದಂತೆ ಸೆಳೆತ ಬಹಳ ಬೇಗ ಕುಗ್ಗುತ್ತದೆ. ಟೊಳ್ಳು ಬೇಸಿನ ಒಳಮೈಗೆ ನೇರವಾಗಿ ಅಂಟಿಸಿದ ಬಿಲ್ಲೆ ತಗಡಿನಿಂದ ಒಂದು ಮಿಲಿಮೀಟರಿನಷ್ಟು ಮೇಲೆ ಉಳಿದರೂ ಅದರ ಬಲದ ದೊಡ್ಡ ಪಾಲು ವ್ಯರ್ಥವಾಗುತ್ತದೆ. ಬಿಲ್ಲೆ ಅಂಚಿಗಿಂತ ಹೊರಗೆ ಚಾಚಿದರೆ ಮಿನಿಯೇಚರ್ ಆಟದ ಮೇಜಿನ ಮೇಲೆ ಅಲುಗಾಡುತ್ತದೆ.

ಈ ಅಂತರವನ್ನು ಸರಿಯಾಗಿ ಹೊಂದಿಸಲು ಒಂದು ಸುಲಭ ಮಾರ್ಗವಿದೆ. ಸಮತಟ್ಟಾದ ಉಕ್ಕಿನ ತಗಡಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹರಡಿ, ಅದರ ಮೇಲೆ ಬಿಲ್ಲೆಯನ್ನು ಇಡಬೇಕು. ಬೇಸಿನ ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜಿ ತುಸು ಒರಟಾಗಿಸಿ, ಅಲ್ಲಿ ಎಪಾಕ್ಸಿ ಪುಟ್ಟಿಯ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು ಹಿಟ್ಟಿನ) ಸಣ್ಣ ಉಂಡೆಯನ್ನಿಟ್ಟು, ಬೇಸನ್ನು ಬಿಲ್ಲೆಯ ಮೇಲೆ ಅದರ ಅಂಚು ಹಾಳೆಗೆ ತಾಗುವವರೆಗೆ ನೇರವಾಗಿ ಒತ್ತಬೇಕು. ತಗಡಿನ ಸೆಳೆತ ಬಿಲ್ಲೆಯನ್ನು ಅಂಚಿನ ಮಟ್ಟದಲ್ಲೇ ಹಿಡಿದಿಡುವುದರಿಂದ ಪುಟ್ಟಿ ಗಟ್ಟಿಯಾಗುವ ತನಕ ಅದನ್ನು ಅಲುಗಿಸದಿದ್ದರೆ ಸಾಕು. ಬರೀ ಸೂಪರ್ ಗ್ಲೂ ಬಳಸಿದರೆ, ಗೊಂಬೆಯನ್ನು ಪದೇ ಪದೇ ಕಿತ್ತೆತ್ತುವಾಗ ಬಿಲ್ಲೆ ತಗಡಿನಲ್ಲೇ ಉಳಿದುಬಿಡುವ ಸಂಭವ ಹೆಚ್ಚು.

ಲೋಹದ ಅಥವಾ ಎತ್ತರವಾದ ಮಿನಿಯೇಚರ್‌ಗಳು ವಾಲುವ ಸ್ವಭಾವದವು. ಬೇಸಿನ ನಡುವೆ ಒಂದು ದೊಡ್ಡ ಬಿಲ್ಲೆಯನ್ನು ಇಡುವುದಕ್ಕಿಂತ ಅಂಚಿನ ಸಮೀಪ ಮೂರು ಬಿಲ್ಲೆಗಳನ್ನು ಹಂಚಿ ಕೂರಿಸಿದರೆ ಅವು ಉರುಳದಂತೆ ಉತ್ತಮವಾಗಿ ತಡೆಯುತ್ತವೆ. ತಗಡಿಗೆ ಅಂಟುವ ಮುಖ ಉತ್ತರ ಧ್ರುವವೋ ದಕ್ಷಿಣ ಧ್ರುವವೋ ಎಂಬುದು ಇಲ್ಲಿ ಮುಖ್ಯವಲ್ಲ. ಎರಡು ಅಯಸ್ಕಾಂತಗಳು ಪರಸ್ಪರ ಕೂಡಬೇಕಾದ ಕಡೆ, ಉದಾಹರಣೆಗೆ ಕಳಚಿ ಜೋಡಿಸುವ ತೋಳುಗಳಲ್ಲಿ, ಮಾತ್ರ ಮುಖಗಳನ್ನು ಗುರುತು ಹಾಕಿಕೊಳ್ಳಬೇಕು.

ಪೆಟ್ಟಿಗೆಗೆ ಸತು ಲೇಪಿಸಿದ ಉಕ್ಕಿನ ತಗಡು ಸೂಕ್ತ, ಅದು ಬೇಗ ತುಕ್ಕು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲಿನ ಹಲವು ಬಗೆಗಳೂ ಅಂಟುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ಒಂದು ಬಿಲ್ಲೆಯಿಂದ ಪರೀಕ್ಷಿಸುವುದು ಒಳ್ಳೆಯದು. ತಗಡನ್ನು ಪೆಟ್ಟಿಗೆಯ ತಳಕ್ಕೆ ಭದ್ರವಾಗಿ ಅಂಟಿಸಿ, ಗೊಂಬೆಗಳ ಆಯುಧಗಳು ಒಂದಕ್ಕೊಂದು ತಾಗದಷ್ಟು ಜಾಗ ಬಿಟ್ಟು ನಿಲ್ಲಿಸಬೇಕು. ಹೊರಡುವ ಮುನ್ನ ಮೃದುವಾದ ಹಾಸಿಗೆಯ ಮೇಲೆ, ಮುಚ್ಚಳ ತೆರೆದ ಪೆಟ್ಟಿಗೆಯನ್ನು ನಿಧಾನವಾಗಿ ವಾಲಿಸಿ ನೋಡಿದರೆ ಯಾವುದಕ್ಕೆ ಹಿಡಿತ ಸಾಲದು ಎಂಬುದು ತಿಳಿಯುತ್ತದೆ. ಗೊಂಬೆಯನ್ನು ತೆಗೆಯುವಾಗ ಸೊಂಟವನ್ನೋ ತೋಳನ್ನೋ ಹಿಡಿಯದೆ, ಬೇಸನ್ನು ಹಿಡಿದು ಒಂದು ಬದಿಗೆ ವಾಲಿಸಿ ಎತ್ತಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಪೆಟ್ಟಿಗೆಯನ್ನು ಬಿಡಬಾರದು. ಆ ಬಿಸಿಗೆ ಅಯಸ್ಕಾಂತ ಕೆಡದಿದ್ದರೂ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನಿಂದ ಮಾಡಿದ ಗೊಂಬೆಗಳ ತೆಳು ಭಾಗಗಳು ಮೆತ್ತಗಾಗಿ ಬಾಗುತ್ತವೆ.

ಉಳಿದ ಬಿಲ್ಲೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡಬೇಕು. ಒಂದಕ್ಕಿಂತ ಹೆಚ್ಚು ಬಿಲ್ಲೆಗಳನ್ನು ನುಂಗಿದರೆ ಅವು ಕರುಳಿನ ಪದರಗಳ ಮೂಲಕವೇ ಪರಸ್ಪರ ಸೆಳೆದು ಪ್ರಾಣಾಪಾಯ ಉಂಟುಮಾಡಬಲ್ಲವು, ಆದ್ದರಿಂದ ನುಂಗಿದ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪೇಸ್‌ಮೇಕರ್ ಇರುವವರು ಇವುಗಳನ್ನು ಎದೆಯ ಹತ್ತಿರ ತರಬಾರದು.