ಅಮೆರಿಕಕ್ಕೆ ಹೊರಟ ಕಲಬುರಗಿ ಸೀಮೆಯ ಪೋಷಕರಿಗೆ: ಮಗುವಿನ ಇಂಗ್ಲಿಷ್ ಓದನ್ನು ಅಳೆಯುವ ಬಗೆ

ನಾನು ಕಲಬುರಗಿ ಬಿಟ್ಟು ನ್ಯೂಜೆರ್ಸಿಯಲ್ಲಿ ನೆಲೆಸಿ 14 ವರ್ಷಗಳಾದವು. ಜುಲೈ ತಿಂಗಳಲ್ಲಿ ಊರಿಗೆ ಬಂದಾಗಲೆಲ್ಲ, ವೀಸಾ ಕೈಗೆ ಸಿಕ್ಕು ಹೊರಡುವ ತಯಾರಿಯಲ್ಲಿರುವ ಒಂದೆರಡು ಕುಟುಂಬದವರು ಮನೆಗೆ ಬಂದು ಹೋಗುತ್ತಾರೆ. ಮನೆ ಬಾಡಿಗೆ, ಚಳಿಯ ಬಟ್ಟೆ, ಶೇಂಗಾ ಹಿಂಡಿಯನ್ನು ಎಷ್ಟು ಕಟ್ಟಿಕೊಂಡು ಹೋಗಬೇಕೆಂಬ ವಿಚಾರ ಎಲ್ಲ ಮುಗಿದ ಮೇಲೆ ಮಾತು ಮಕ್ಕಳ ಶಾಲೆಯ ಕಡೆಗೆ ತಿರುಗುತ್ತದೆ. ಆಗ ತಂದೆಯೋ ತಾಯಿಯೋ ಹೆಮ್ಮೆಯಿಂದ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇವನಿಗಿ ಇಂಗ್ಲಿಷ್ ಛಲೋ ಬರ್ತದರಿ, ಫಟಾಫಟ್ ಓದ್ತಾನ." ಈ 'ಫಟಾಫಟ್' ಓದನ್ನು ಅಲ್ಲಿನ ಶಾಲೆ ಹೇಗೆ ಪರೀಕ್ಷಿಸುತ್ತದೆ, ಅದಕ್ಕೂ ಮೊದಲು ನೀವು ಇಲ್ಲಿಯೇ ಅದನ್ನು ಹೇಗೆ ಪರೀಕ್ಷಿಸಿ ನೋಡಬಹುದು ಎಂಬುದಷ್ಟೇ ಈ ಬರಹದ ವಿಷಯ.

ಕಳೆದ ಸಲ ಜೇವರ್ಗಿ ರಸ್ತೆಯ ನಮ್ಮ ಮನೆಗೆ ಹೀಗೆಯೇ ಒಬ್ಬ ಹುಡುಗ ಬಂದಿದ್ದ. ಇಂಗ್ಲಿಷ್ ಮಾಧ್ಯಮದ 4ನೇ ತರಗತಿ. ನನ್ನ ಮಗಳ ಹಳೆಯ ಪುಸ್ತಕವೊಂದರಿಂದ ಎಂಟು ಸಾಲಿನ ಕತೆಯನ್ನು ಓದಲು ಕೊಟ್ಟೆ. ರೈತನೊಬ್ಬ ಕೊಟ್ಟಿಗೆಯನ್ನು ತಲುಪುತ್ತಿದ್ದಂತೆಯೇ ಆಲಿಕಲ್ಲು ಮಳೆ ಶುರುವಾಗುತ್ತದೆ ಎಂಬಲ್ಲಿಂದ ಕತೆ ಆರಂಭ. ಹುಡುಗ ಒಂದು ಪದವೂ ತಪ್ಪದಂತೆ, ಒಂದೇ ಉಸಿರಿಗೆ ಎಂಬಂತೆ ಓದಿ ಮುಗಿಸಿದ. ತಾಯಿಯ ಮುಖ ಅರಳಿತು. ಕತೆಯಲ್ಲಿ ಏನಾಯಿತೆಂದು ಕನ್ನಡದಲ್ಲಿಯೇ ಹೇಳಪ್ಪಾ ಎಂದೆ. ಸ್ವಲ್ಪ ಯೋಚಿಸಿ, "ಕಾಕಾ, ರೈತ ಭಾಳ ತ್ರಾಸ್ ಪಟ್ಟು ತಾನು ಹುಟ್ಟಿದ ಊರಿಗಿ ಹೋದ" ಎಂದ. ಕೊಟ್ಟಿಗೆ ಎಂಬ ಅರ್ಥದ 'ಬಾರ್ನ್' ಪದವನ್ನು ಅವನು ಹುಟ್ಟುವುದು ಎಂಬ ಅರ್ಥದ 'ಬಾರ್ನ್' ಎಂದು ತಿಳಿದಿದ್ದ. ನಮ್ಮ ಬಾಯಲ್ಲಿ ಎರಡೂ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ. ತಲುಪುತ್ತಿದ್ದಂತೆಯೇ ಎಂಬುದನ್ನು ಸೂಚಿಸುವ 'ಹಾರ್ಡ್ಲಿ' ಅವನ ಪಾಲಿಗೆ 'ಹಾರ್ಡ್', ಅಂದರೆ ಕಷ್ಟ. ಆಲಿಕಲ್ಲಿನ ಪದವನ್ನು ಅವನು ಮುಟ್ಟಲೇ ಇಲ್ಲ. ಆ ಹುಡುಗ ದಡ್ಡನಲ್ಲ. ಗೊತ್ತಿದ್ದ ಎರಡು ಪದಗಳಿಂದ ಒಂದು ಇಡೀ ಕತೆಯನ್ನು ಕಟ್ಟಿದ್ದ. ಆದರೆ ಅವನು ಓದಿದ ಕತೆ ಅದಾಗಿರಲಿಲ್ಲ.

ಇದು ನಮ್ಮ ಕಡೆಯ ಮಕ್ಕಳಲ್ಲಿ ಏಕೆ ಇಷ್ಟು ಸಾಮಾನ್ಯ ಎಂದು ನಾನು ಬಹಳ ಯೋಚಿಸಿದ್ದೇನೆ. ಕಾಗುಣಿತ ಕಲಿತ ಮಗು ಕನ್ನಡದಲ್ಲಿ ಏನನ್ನಾದರೂ ಓದಬಲ್ಲದು, ಹೊಲದ ಖರೀದಿ ಪತ್ರವನ್ನೂ ಕೂಡ. ಮನೆಯಲ್ಲಿ ಆಡುವ ಭಾಷೆಯೇ ಅದಾದ್ದರಿಂದ ಉಚ್ಚರಿಸಿದ ಬಹುಪಾಲು ಮಾತು ತಾನಾಗಿಯೇ ಅರ್ಥವಾಗುತ್ತದೆ; ಹಾಗಾಗಿ 'ಓದಲು ಬರುತ್ತದೆ' ಎಂಬ ಒಂದೇ ಮಾತಿನಲ್ಲಿ ಉಚ್ಚಾರವನ್ನೂ ಅರ್ಥವನ್ನೂ ಸೇರಿಸಿ ಹೇಳಿ ನಮಗೆ ರೂಢಿ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು ಇವೆರಡನ್ನೂ ಬಿಡಿಸಿ ಮುಂದಿಟ್ಟರು: ಅಕ್ಷರವನ್ನು ಪದವಾಗಿಸುವ ಶಕ್ತಿ ಒಂದು, ಆ ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ ಇನ್ನೊಂದು, ಓದಿನ ಗ್ರಹಿಕೆ ಇವೆರಡರ ಮೊತ್ತವಲ್ಲ, ಗುಣಲಬ್ಧ. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ. ನಮ್ಮ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಗಟ್ಟಿ, ಎರಡನೆಯದು ಪೊಳ್ಳು. ಅಲ್ಲಿನ ಅನೇಕ ಶಿಕ್ಷಕರು ಇದಕ್ಕೆ ವಿರುದ್ಧವಾದ ಮಕ್ಕಳನ್ನು, ಅಂದರೆ ಮಾತು ಚೆನ್ನಾಗಿ ಬಂದು ಅಕ್ಷರ ಬಾರದವರನ್ನು, ನೋಡಿ ಪಳಗಿದವರಾದ್ದರಿಂದ ನಮ್ಮ ಮಕ್ಕಳ ಸರಾಗವಾದ ಓದನ್ನು ಕೇಳಿ ಮೊದಲ ಕೆಲವು ವಾರ ಮೋಸಹೋಗುವುದೂ ಉಂಟು.

ಶಾಲೆಗೆ ಹೆಸರು ಹಚ್ಚುವ ದಿನ ನಿಮ್ಮ ಕೈಗೆ ಮನೆಯ ಭಾಷೆಯ ಬಗ್ಗೆ ಒಂದು ಸಣ್ಣ ಫಾರ್ಮ್ ಬರುತ್ತದೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗು ಹೆಚ್ಚಾಗಿ ಯಾವುದರಲ್ಲಿ ಮಾತಾಡುತ್ತದೆ ಎಂಬಂಥ ಮೂರು ನಾಲ್ಕು ಪ್ರಶ್ನೆಗಳು. ಇಂಗ್ಲಿಷ್ ಅಲ್ಲದ ಭಾಷೆ ಕಂಡುಬಂದರೆ ಮಗುವಿಗೆ ಆರಂಭಿಕ ಪರೀಕ್ಷೆ ಕೊಡುತ್ತಾರೆ. ಅದರ ಫಲವಾಗಿ ಇಂಗ್ಲಿಷ್ ನೆರವಿನ ತರಗತಿಗೆ ಹಾಕಿದರೆ, ಶಾಲಾ ವರ್ಷ ಆರಂಭವಾದ 30 ದಿನಗಳೊಳಗೆ ಪೋಷಕರಿಗೆ ಲಿಖಿತವಾಗಿ ತಿಳಿಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ 2015ರ ಶಿಕ್ಷಣ ಕಾಯ್ದೆ ಹೇಳುತ್ತದೆ. ಇದರ ಬೇರು ಇನ್ನೂ ಹಿಂದಿನದು: ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಬಂದ 1974ರ ಲಾವ್ ವಿರುದ್ಧ ನಿಕೋಲ್ಸ್ ತೀರ್ಪು, ಅರ್ಥವಾಗದ ಭಾಷೆಯ ತರಗತಿಯಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸುವುದು ಸಮಾನ ಅವಕಾಶವಾಗದು ಎಂದು ಸ್ಪಷ್ಟಪಡಿಸಿತು. ಆಮೇಲೆ ಪ್ರತಿ ವರ್ಷವೂ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕರಲ್ಲಿ ಪರೀಕ್ಷೆ ನಡೆಯುತ್ತದೆ. ನ್ಯೂಜೆರ್ಸಿ ಮತ್ತು ಇಲಿನಾಯ್ ಸೇರಿದಂತೆ ಬಹಳಷ್ಟು ರಾಜ್ಯಗಳಲ್ಲಿ ಅದು ವೈಡಾ ಸಂಸ್ಥೆಯ ಆಕ್ಸೆಸ್ ಪರೀಕ್ಷೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್ ರಾಜ್ಯಗಳಿಗೆ ತಮ್ಮದೇ ಬೇರೆ ಪರೀಕ್ಷೆಗಳಿವೆ. ಆಕ್ಸೆಸ್‌ನ ಫಲಿತಾಂಶ 1ರಿಂದ 6ರವರೆಗಿನ ಮಟ್ಟಗಳಲ್ಲಿ ಬರುತ್ತದೆ. ಒಟ್ಟು ಅಂಕದಲ್ಲಿ ಓದಿಗೆ ಶೇ. 35, ಬರಹಕ್ಕೆ ಶೇ. 35, ಕೇಳುವುದಕ್ಕೂ ಮಾತಿಗೂ ತಲಾ ಶೇ. 15 ತೂಕ. ಎಂದರೆ ಓದು ಕೈಕೊಟ್ಟರೆ, ಅಂಗಳದಲ್ಲಿ ಎಷ್ಟೇ ಚೆನ್ನಾಗಿ ಇಂಗ್ಲಿಷ್ ಆಡುವ ಮಗುವೂ ಮೇಲೇರದು.

ಈ ಫಾರ್ಮಿನ ವಿಷಯದಲ್ಲಿ ನಾನೇ ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ನೆರವಿನ ತರಗತಿಗೆ ಹಾಕಿದರೆ ಮಗಳಿಗೆ ಹಿಂದುಳಿದವಳೆಂಬ ಹಣೆಪಟ್ಟಿ ಬೀಳುತ್ತದೆ ಎಂದು ನನಗಿಂತ ಎರಡು ವರ್ಷ ಮೊದಲು ಹೋಗಿದ್ದ ನಮ್ಮವರೊಬ್ಬರು ಹೇಳಿದ ಮಾತನ್ನು ನಂಬಿ, ಮೂರೂ ಪ್ರಶ್ನೆಗಳಿಗೆ 'ಇಂಗ್ಲಿಷ್' ಎಂದು ಬರೆದುಬಿಟ್ಟೆ. ಮನೆಯಲ್ಲಿ ನಾವು ಆಡುತ್ತಿದ್ದುದು ಅಪ್ಪಟ ಕಲಬುರಗಿ ಕನ್ನಡ. ಶಾಲೆಯವರೂ ಮತ್ತೊಮ್ಮೆ ಕೇಳಲಿಲ್ಲ. ನವೆಂಬರಿನ ಭೇಟಿಯಲ್ಲಿ ಶಿಕ್ಷಕಿ, ಓದು ಚೆನ್ನಾಗಿದೆ, ಆದರೆ ಗಮನ ಕಡಿಮೆ ಎಂದರು. ಗಮನವಿತ್ತು, ಅರ್ಥವಿರಲಿಲ್ಲ. ಫೆಬ್ರವರಿಯಲ್ಲಿ ನಾನೇ ಹೋಗಿ ನಿಜ ಹೇಳಿದ ಮೇಲೆ ಪರೀಕ್ಷೆ ಮಾಡಿದರು. ಓದಿನಲ್ಲಿ ಎರಡನೆಯ ಮಟ್ಟ ಬಂತು. ಅರ್ಧ ವರ್ಷ ವ್ಯರ್ಥವಾಯಿತು. ನೆರವು ಬೇಡವೆನ್ನುವ ಹಕ್ಕು ಪೋಷಕರಿಗೆ ಕಾಯ್ದೆಯಲ್ಲಿಯೇ ಇದೆ, ಆದರೆ ಆಗಲೂ ವಾರ್ಷಿಕ ಪರೀಕ್ಷೆ ತಪ್ಪುವುದಿಲ್ಲ. ಆದ್ದರಿಂದ ಭಾಷೆಯನ್ನು ಮರೆಮಾಚುವುದರಿಂದ ಸಿಗುವ ಲಾಭವೇನೂ ಇಲ್ಲ.

ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಔರಾದ್ ಕಡೆಯ ಮನೆಗಳಲ್ಲಿ ಮರಾಠಿ, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು, ಊರ ನಡುವೆ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ತಾಂಡಾದಿಂದ ಬಂದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಫಾರ್ಮಿನಲ್ಲಿ ಒಂದೇ ಸಾಲು ಜಾಗವಿದ್ದರೂ ಎಲ್ಲವನ್ನೂ ಬರೆಯಿರಿ. ಯಾವುದನ್ನು ಆಡುತ್ತದೆ, ಯಾವುದನ್ನು ಓದುತ್ತದೆ ಎಂಬುದನ್ನು ಬೇರೆಬೇರೆಯಾಗಿ ಬರೆಯಿರಿ.

ತರಗತಿಯಲ್ಲಿ ಓದನ್ನು ಅಳೆಯುವ ದಿನನಿತ್ಯದ ವಿಧಾನ ಸರಳವಾದುದು. ಶಿಕ್ಷಕಿ ಮಗುವಿನ ಪಕ್ಕದಲ್ಲಿ ಕುಳಿತು, ಸುಮಾರು 100 ಪದಗಳ ಭಾಗವನ್ನು ಗಟ್ಟಿಯಾಗಿ ಓದಿಸಿ, ಪ್ರತಿ ತಪ್ಪಿಗೂ ಗುರುತು ಹಾಕುತ್ತಾರೆ. ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ಪದ್ಧತಿ ಇದು. 95 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ಆ ಪುಸ್ತಕವನ್ನು ಮಗು ತಾನೇ ಓದಬಲ್ಲದು, 90ರಿಂದ 94 ಆದರೆ ನೆರವಿನೊಡನೆ, ಅದಕ್ಕೂ ಕಡಿಮೆಯಾದರೆ ಪುಸ್ತಕ ಭಾರವಾಯಿತೆಂದು ಸಾಮಾನ್ಯ ಲೆಕ್ಕ. ನಿಮಿಷಕ್ಕೆ ಎಷ್ಟು ಪದವೆಂದು ಎಣಿಸುವುದೂ ಇದೆ. ಇಲ್ಲಿ ನಮ್ಮ ಕಡೆಯ ಉಚ್ಚಾರ ಅಡ್ಡ ಬರಬಹುದು: 'ಸ್ಕೂಲ್' ಎಂಬುದು ನಮ್ಮಲ್ಲಿ ಅನೇಕರ ಬಾಯಲ್ಲಿ 'ಇಸ್ಕೂಲ್', 'ಸ್ಟೇಷನ್' ಎಂಬುದು 'ಇಸ್ಟೇಷನ್'. ಇದು ಉಚ್ಚಾರದ ರೂಢಿಯೇ ಹೊರತು ಓದಿನ ತಪ್ಪಲ್ಲ. ತಿಳಿದ ಶಿಕ್ಷಕರು ಇದನ್ನು ಎಣಿಸುವುದಿಲ್ಲ. ತಿಳಿಯದವರಿಗೆ ಮೊದಲ ಭೇಟಿಯಲ್ಲಿಯೇ ವಿನಯದಿಂದ ಹೇಳಿಡಿ.

ಆದರೆ ನಮ್ಮ ಮಕ್ಕಳು ಎಡವುವುದು ಗಟ್ಟಿಯಾಗಿ ಓದುವಲ್ಲಿ ಅಲ್ಲ, ಅದರ ನಂತರದ ಪ್ರಶ್ನೆಗಳಲ್ಲಿ. ನಮ್ಮಲ್ಲಿ ಪ್ರಶ್ನೆಯ ಪದ ಪಾಠದ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಎತ್ತಿ ಬರೆದರೆ ಪೂರ್ಣ ಅಂಕ. ಅದಕ್ಕೆ ಅರ್ಥ ಬೇಕಾಗಿಯೇ ಇಲ್ಲ. ನಂಬಿಕೆಯಾಗದಿದ್ದರೆ ಈ ವಾಕ್ಯವನ್ನು ನೋಡಿ: "ಡಿಮ್ಮಣ್ಣನು ಬೆಳಗಿನ ಜಾವ ಕೊರ್ಪಿಯನ್ನು ತುರ್ಮಿಸಿದನು." ಡಿಮ್ಮಣ್ಣನು ಏನನ್ನು ತುರ್ಮಿಸಿದನು? ಯಾವಾಗ ತುರ್ಮಿಸಿದನು? ಎರಡಕ್ಕೂ ನೀವು ಸರಿಯಾದ ಉತ್ತರ ಬರೆಯಬಲ್ಲಿರಿ, ಕೊರ್ಪಿ ಎಂಬುದು ಲೋಕದಲ್ಲಿಯೇ ಇಲ್ಲದಿದ್ದರೂ. ಆದರೆ ಡಿಮ್ಮಣ್ಣ ಏಕೆ ಅಷ್ಟು ಬೇಗ ಎದ್ದ, ಅವನಿಗೆ ಆಗ ಹೇಗೆನಿಸಿರಬೇಕು ಎಂದು ಕೇಳಿದರೆ ಕೈ ನಿಲ್ಲುತ್ತದೆ. ಅಲ್ಲಿನ ಪರೀಕ್ಷೆಯಲ್ಲಿ ಈ ಎರಡನೆಯ ಬಗೆಯ ಪ್ರಶ್ನೆಗಳಿಗೇ ಬೆಲೆ: ಹೇಳದೆ ಬಿಟ್ಟಿದ್ದನ್ನು ಊಹಿಸುವುದು, ಪದಕ್ಕೆ ಆ ಸಂದರ್ಭದಲ್ಲಿ ಏನರ್ಥವೆಂದು ಹೇಳುವುದು, ಹೇಳಿದ್ದಕ್ಕೆ ಪಾಠದಿಂದ ಆಧಾರ ಕೊಡುವುದು.

ಹೊರಡುವ ಮೊದಲೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಮೇಲಾದುದು ನಾನು ಆ ಹುಡುಗನಿಗೆ ಮಾಡಿದ್ದು: ಇಂಗ್ಲಿಷಿನಲ್ಲಿ ಓದಿಸಿ, ಪುಸ್ತಕ ಮುಚ್ಚಿಸಿ, ಮನೆಮಾತಿನಲ್ಲಿ ಹೇಳಿಸುವುದು. ಕನ್ನಡದಲ್ಲಿ ಸರಿಯಾಗಿ ಹೇಳಿ ಇಂಗ್ಲಿಷಿನಲ್ಲಿ ಹೇಳಲಾಗದ ಮಗುವಿಗೆ ಓದು ಬಂದಿದೆ, ಮಾತು ಬರಬೇಕಾಗಿದೆ. ಎರಡರಲ್ಲಿಯೂ ಹೇಳಲಾಗದಿದ್ದರೆ ಓದೇ ಆಗಿಲ್ಲ. ಈ ವ್ಯತ್ಯಾಸವನ್ನು ಗುರುತಿಸುವುದು ಅಲ್ಲಿನ ಶಿಕ್ಷಕರಿಗೆ ಬಹುಮಟ್ಟಿಗೆ ಸಾಧ್ಯವಿಲ್ಲ, ಏಕೆಂದರೆ ಅವರಿಗೆ ಕನ್ನಡ ಬಾರದು, ನಿಮಗೆ ಸಾಧ್ಯ. ತಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಸಂಕೋಚ ಪಡುವ ತಾಯಂದಿರಿಗೆ ನಾನು ಇದನ್ನೇ ಮತ್ತೆಮತ್ತೆ ಹೇಳುತ್ತೇನೆ.

ಎರಡನೆಯದು ಬಿಟ್ಟ ಸ್ಥಳದ ಪರೀಕ್ಷೆ. 1953ರಲ್ಲಿ ವಿಲ್ಸನ್ ಟೇಲರ್ ಇದನ್ನು ಮುಂದಿಟ್ಟದ್ದು ಮಕ್ಕಳನ್ನಲ್ಲ, ಬರಹದ ಸುಲಭತೆಯನ್ನು ಅಳೆಯಲಿಕ್ಕೆ. ಮೊದಲ ವಾಕ್ಯವನ್ನು ಹಾಗೆಯೇ ಬಿಟ್ಟು, ಮುಂದೆ ಪ್ರತಿ ಏಳನೆಯ ಪದವನ್ನು ಪೆನ್ಸಿಲ್ಲಿನಿಂದ ಅಳಿಸಿ, ಮಗುವಿಗೆ ತುಂಬಲು ಹೇಳಿ. ವಸ್ತುಗಳ ಹೆಸರನ್ನು ಮಕ್ಕಳು ತುಂಬುತ್ತಾರೆ; ವಾಕ್ಯಗಳನ್ನು ಕೂಡಿಸುವ ಸಣ್ಣ ಪದಗಳಲ್ಲಿ ಸೋಲುತ್ತಾರೆ. ಇದಕ್ಕೆ ಕಾರಣ ನಮ್ಮ ಭಾಷೆಯ ರಚನೆಯಲ್ಲಿಯೇ ಇದೆ ಎಂದು ನನ್ನ ಅನಿಸಿಕೆ. 'ಮಳೆ ಬಂದರೂ ಹೋದ', 'ಮಳೆ ಬಾರದಿದ್ದರೆ ಹೋಗುತ್ತಾನೆ' ಎನ್ನುವಾಗ ಕನ್ನಡದಲ್ಲಿ ಅರ್ಥವನ್ನು ತಿರುಗಿಸುವ ಭಾಗ ಕ್ರಿಯಾಪದದ ಬಾಲದಲ್ಲಿರುತ್ತದೆ, ಕಿವಿ ಅದಕ್ಕಾಗಿ ಅಲ್ಲಿಯೇ ಕಾಯುತ್ತದೆ. ಇಂಗ್ಲಿಷಿನಲ್ಲಿ 'ಆಲ್ದೋ', 'ಅನ್‌ಲೆಸ್' ಎಂದು ಆ ಕೆಲಸ ಮಾಡುವ ಪದ ವಾಕ್ಯದ ತಲೆಯಲ್ಲಿ ಬಂದು ಕೂರುತ್ತದೆ, ಮಗು ಅದನ್ನು ಉಚ್ಚರಿಸಿ ದಾಟಿ ಹೋಗುತ್ತದೆ. ಇಂಥ ಹತ್ತಿಪ್ಪತ್ತು ಪದಗಳನ್ನು ಕನ್ನಡ ವಾಕ್ಯಗಳೊಡನೆ ಹೊಂದಿಸಿ ಕಲಿಸಿದರೆ, ಇನ್ನೂರು ಕಷ್ಟಪದಗಳ ಕಂಠಪಾಠಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಒಂದೇ ಪಠ್ಯದಿಂದ ತೀರ್ಮಾನಕ್ಕೆ ಬರಬೇಡಿ. 1988ರಲ್ಲಿ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ನಡೆಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಆಟ ಬಲ್ಲ ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳು, ಆಟ ತಿಳಿಯದ ಒಳ್ಳೆಯ ಓದುಗರಿಗಿಂತ ಬೇಸ್‌ಬಾಲ್ ಕುರಿತ ಪಾಠವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಶರಣಬಸವೇಶ್ವರರ ರಥೋತ್ಸವದ ಬಗ್ಗೆ ನೀವೇ ಸರಳ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದುಕೊಡಿ, ಹಾಗೆಯೇ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬಗ್ಗೆ ಹತ್ತು ಸಾಲು ಓದಿಸಿ. ಮೊದಲನೆಯದು ತಿಳಿದು ಎರಡನೆಯದು ತಿಳಿಯದಿದ್ದರೆ ಕೊರತೆ ಓದಿನದಲ್ಲ, ಆ ನಾಡಿನ ಪರಿಚಯದ್ದು. ಅದು ಅಲ್ಲಿ ಇದ್ದಂತೆ ಬರುತ್ತದೆ.

ಕಾಲದ ಲೆಕ್ಕವೂ ತಿಳಿದಿರಲಿ. ದಿನಬಳಕೆಯ ಮಾತು ಒಂದೆರಡು ವರ್ಷಗಳಲ್ಲಿ ಬಂದರೂ ಪಾಠದ ಭಾಷೆಯಲ್ಲಿ ಜೊತೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದೆಂದು ಕೆನಡಾದ ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ. ಮಗುವಿಗೆ ಅಮೆರಿಕದವರ ರಾಗ ಬಂದ ಕೂಡಲೇ ಮನೆಯಲ್ಲಿ ಎಲ್ಲ ಕಲಿತಂತೆಯೇ ಎಂದು ಕೈಬಿಡುವುದು ನಮ್ಮವರಲ್ಲಿ ನಾನು ಅತಿ ಹೆಚ್ಚಾಗಿ ಕಂಡ ತಪ್ಪು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಇಂಗ್ಲಿಷಿನ ಕೊರತೆಯನ್ನೇ ಕಲಿಕೆಯ ನ್ಯೂನತೆ ಎಂದು ತಪ್ಪಾಗಿ ತಿಳಿಯುವುದು. ಇಂಗ್ಲಿಷ್ ಕಡಿಮೆ ಬರುತ್ತದೆ ಎಂಬುದೇ ಮುಖ್ಯ ಕಾರಣವಾಗಿದ್ದರೆ ಮಗುವನ್ನು ನ್ಯೂನತೆಯುಳ್ಳದ್ದೆಂದು ನಿರ್ಧರಿಸುವಂತಿಲ್ಲ ಎಂದು ಅಲ್ಲಿನ ಕಾನೂನಿದೆ. ಅಂಥ ಮಾತು ಬಂದಾಗ ಮಗು ಕನ್ನಡದಲ್ಲಿ ಹೇಗೆ ಓದುತ್ತಿತ್ತು ಎಂಬುದೇ ದೊಡ್ಡ ಸಾಕ್ಷಿ. ಆದ್ದರಿಂದ ಇಲ್ಲಿನ ಅಂಕಪಟ್ಟಿಗಳ ಜೊತೆಗೆ ಕನ್ನಡದ ನೋಟ್‌ಬುಕ್ ಒಂದನ್ನೂ ಕನ್ನಡ ಪಠ್ಯಪುಸ್ತಕವನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲಿಯೂ ಅಕ್ಷರ ಕೂಡಿಸಲು ಕಷ್ಟಪಡುತ್ತಿದ್ದ ಮಗುವಾದರೆ ಅದನ್ನೂ ಬಚ್ಚಿಡದೆ ಹೇಳಿ. ಆಗ ಬೇಕಾದ ನೆರವೇ ಬೇರೆ.

ದೊಡ್ಡವರ ವಿಷಯ ಚಿಕ್ಕದು. ಸಂಗಾತಿಯ ವೀಸಾದಲ್ಲಿ ಬಂದವರು ಊರಿನ ಗ್ರಂಥಾಲಯದಲ್ಲಿಯೋ ಸಮುದಾಯ ಕಾಲೇಜಿನಲ್ಲಿಯೋ ನಡೆಯುವ ಇಂಗ್ಲಿಷ್ ತರಗತಿಗೆ ಹೋದರೆ ಅಲ್ಲಿಯೂ ಮೊದಲು ಓದಿನ ಪರೀಕ್ಷೆ ಇರಬಹುದು. ಅದರಲ್ಲಿ ಬರುವುದು ಔಷಧಿಯ ಚೀಟಿ, ಬಾಡಿಗೆಯ ಕರಾರು, ಬಸ್ಸಿನ ವೇಳಾಪಟ್ಟಿಯಂಥವು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಓದಿನ ಭಾಗದಲ್ಲಿ 60 ನಿಮಿಷಗಳಲ್ಲಿ 40 ಪ್ರಶ್ನೆಗಳು. ಅದರಲ್ಲಿ 'ಪಠ್ಯದಲ್ಲಿ ಹೇಳಿಲ್ಲ' ಎಂಬ ಆಯ್ಕೆಯಲ್ಲಿಯೇ ನಮ್ಮವರು ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ, ಏಕೆಂದರೆ ತಮಗೆ ಹೊರಗಿನಿಂದ ಗೊತ್ತಿರುವುದನ್ನು ಪಠ್ಯದ ಮೇಲೆ ಹೊರಿಸುತ್ತಾರೆ.

ಮೊದಲ ಪೋಷಕರ ಭೇಟಿಗೆ ಹೋದಾಗ ಒಟ್ಟು ಅಂಕ ಕೇಳಿ ಎದ್ದು ಬರಬೇಡಿ. ಓದಿನ ಅಂಕವನ್ನು ಬೇರೆಯಾಗಿ ತೋರಿಸಲು ಹೇಳಿ, ಮಗು ಉತ್ತರಿಸಿದ ಒಂದು ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿ, ಯಾವ ಬಗೆಯ ಪ್ರಶ್ನೆಗೆ ಕೈ ನಿಂತಿದೆ ಎಂದು ಕೇಳಿ. ಮಾತು ತಿಳಿಯದಿದ್ದರೆ ದುಭಾಷಿಯನ್ನು ಒದಗಿಸುವಂತೆ ಒಂದು ವಾರ ಮೊದಲೇ ಕೇಳಿಕೊಳ್ಳಿ. ಕನ್ನಡದವರು ಫೋನಿನಲ್ಲಿಯಾದರೂ ಸಿಗುತ್ತಾರೆ. ನನ್ನ ಮಗಳ ಎರಡನೆಯ ವರ್ಷದ ಭೇಟಿಗೆ ಸಿಕ್ಕವರು ಮೈಸೂರಿನವರು, ನನ್ನ ಹೆಂಡತಿಯ ಕಲಬುರಗಿ ಕನ್ನಡ ಅವರಿಗೆ ಪೂರ್ತಿ ತಿಳಿಯಲು ಎರಡು ಸಲ ಹೇಳಬೇಕಾಯಿತು, ಆದರೂ ಕೆಲಸವಾಯಿತು.